ಗೋಡೆಯಿಲ್ಲದ ಊರಿಗೊಂದು ಪರದೆ

“ಇವತ್ತು ನಿಂಗೆ ಓಟು, ನಾಳೆ ನನ್ ಹಂದಿಗೂ ಕೊಡ್ತಾರೆ! ಏಳೇ ಫಿಲೆಮು, ಮುಂಡೆ, ಲಾರಿ ಹತ್ತು!”

ಸಮೋವಾದಲ್ಲಿ ಪಟ್ಟದ ಹೆಸರು ಹೊತ್ತ ಯಜಮಾನರಿಗಷ್ಟೇ ಇದ್ದ ಮತವನ್ನು, ಜನಮತಗಣನೆಯಲ್ಲಿ ಕೂದಲೆಳೆಯ ಅಂತರದಿಂದ ಗೆದ್ದು, ಪಟ್ಟವಿಲ್ಲದ ನಾವೂ ಪಡೆದ ಮೊದಲ ಚುನಾವಣೆಯ ಬೆಳಗ್ಗೆ, ನಮ್ಮೂರಿನ ಯಜಮಾನ ಲೌಫಿಸೋ ನನ್ನನ್ನು ಗೌರವಿಸಿದ್ದು ಹೀಗೆ. ಅವನ ಮನೆಗೆ ಚಾಪೆ ಹೆಣೆಯುವವಳು ನಾನು. ಹೆಣೆದ ಚಾಪೆಯ ಮೇಲೆ ಕೂರುವ ಅಧಿಕಾರ ನನಗಿರಲಿಲ್ಲ. ಚುನಾವಣೆಗೆ ನಿಂತವನೂ ಅವನೇ.

“ಓಟು ನಂಗೇ. ತಪ್ಪಿದೋನು ಹೆಂಡ್ತಿ ಮಕ್ಳು ಕಟ್ಕೊಂಡು ಊರು ಬಿಡ್ಬೇಕು. ಕೆಸುವಿನ ಹೊಲ ನಂದು, ನೆನಪಿರ್ಲಿ!”

ಅದು ಬರಿಯ ಬೆದರಿಕೆಯಲ್ಲ. ಹಿಂದಿನ ವರ್ಷ ಎದುರುತ್ತರ ಕೊಟ್ಟವನೊಬ್ಬನ ಮನೆಯನ್ನು ಅವನು ಸುಡಿಸಿದ್ದ.

ಮತಗಟ್ಟೆಯ ಮೂಲೆಯಲ್ಲಿ ನೀಲಿ ಪರದೆಯೊಂದು ತೂಗುತ್ತಿತ್ತು. ನಮ್ಮ ಮನೆಗಳಿಗೆ ಗೋಡೆಯೇ ಇಲ್ಲ. ಕಂಬಗಳ ನಡುವೆ ನಾವು ಉಂಡದ್ದು, ಅತ್ತದ್ದು, ಗಂಡನಿಗೆ ಬೈದದ್ದು ಎಲ್ಲವನ್ನೂ ಊರೇ ನೋಡುತ್ತದೆ. ಹುಟ್ಟಿದಂದಿನಿಂದ ಒಂದು ಗಳಿಗೆಯೂ ಒಂಟಿಯಾಗಿರದ ಜನ ನಾವು.

“ಆ ಬಟ್ಟೆ ಮೇಲೆತ್ತಿ ಕಟ್ರೋ!” ಲೌಫಿಸೋ ಗುಡುಗಿದ. “ನಮ್ಮೂರಲ್ಲಿ ಮುಚ್ಕೊಂಡು ಮಾಡೋ ಕೆಲ್ಸ ಒಂದೇ!”

ಪಟ್ಟಣದಿಂದ ಬಂದಿದ್ದ ಅಧಿಕಾರಿ ಹುಡುಗಿ ತಲೆಯೆತ್ತಲಿಲ್ಲ. “ಅದೇ ಅಂದ್ಕೊಳ್ಳಿ ಯಜಮಾನ್ರೆ. ಪರದೆ ಎತ್ತಂಗಿಲ್ಲ.”

ಮೊದಲು ಒಳಹೊಕ್ಕವನು ಮುದುಕ ಅಸೋ. ಎಷ್ಟು ಹೊತ್ತಾದರೂ ಹೊರಬರಲಿಲ್ಲ.

“ಅಜ್ಜಾ, ಸತ್ತೋದ್ಯಾ?” ಎಂದು ಕೂಗಿದೆ.

“ಸಾಯಕ್ಕೆ ಪುರುಸೊತ್ತಿಲ್ಲ ಕಣವ್ವಾ. ಇಲ್ಲಿ ಯಾರೂ ನೋಡ್ತಿಲ್ಲ! ಇನ್ನೊಂಚೂರು ಇರ್ತೀನಿ.”

ಆಮೇಲೆ ಹೋದ ಪಕ್ಕದ ಮನೆಯ ಪೆಪೆ ಒಳಗೆ ಬಾಳೆಹಣ್ಣು ತಿಂದು ಬಂದಳು. ಅವಳ ಗಂಡ ಗೊರಕೆ ಹೊಡೆದ. ನನ್ನ ಸರದಿ ಬಂದಾಗ ನಾನು ಲೌಫಿಸೋ ನಿಂತಿದ್ದ ದಿಕ್ಕಿಗೆ ಮನಸಾರೆ ನಾಲಿಗೆ ಚಾಚಿ ಗುರುತು ಹಾಕಿದೆ.

ಎಣಿಕೆ ಮುಗಿಯಿತು. ನಮ್ಮ ಮತಗಟ್ಟೆಯಲ್ಲಿ ಅವನಿಗೆ ಬಿದ್ದದ್ದು ಒಂದೇ ಓಟು.

ಮರುದಿನ ಊರಸಭೆ. “ನಂಗೆ ಹಾಕ್ದೋರು ಒಬ್ರು ಉಳೀಲಿ. ಮಿಕ್ಕ ನಾಯಿಗಳೆಲ್ಲ ಇವತ್ತೇ ಊರು ಬಿಡಿ!”

ನನ್ನ ಮಕ್ಕಳ ಮುಖ ಬಿಳಿಚಿತು. ನಾನೆದ್ದೆ. “ಆ ಒಂದು ನಂದೇ ಯಜಮಾನ್ರೆ.”

“ಸುಳ್ಳಿ! ಅದು ನಂದು,” ಎಂದ ಅಸೋ.

“ಥೂ ಮುದಿಗೂಬೆ! ಹಲ್ಲಿಲ್ದ ಬಾಯಿಗೆ ಸುಳ್ಳು ಬೇರೆ ಕೇಡು. ನಂದು!” ಎಂದಳು ಪೆಪೆ.

ಒಬ್ಬೊಬ್ಬರಾಗಿ ಇಡೀ ಊರೇ ಎದ್ದು ಆ ಒಂದು ಓಟಿಗಾಗಿ ಬಡಿದಾಡಿತು. ಕಟ್ಟಕಡೆಗೆ ಯಜಮಾನನ ಹೆಂಡತಿ ಮುಡಿ ಸರಿಪಡಿಸುವಷ್ಟೇ ನಿರಾಳವಾಗಿ ಎದ್ದು ನಿಂತಳು. “ಎಲ್ರೂ ಸುಮ್ನಿರಿ. ಅದು ನಂದು ಕಣ್ರೀ.”

ಲೌಫಿಸೋ ಬಾಯಿ ತೆರೆದ. ಆ ಓಟು ತಾನೇ ಹಾಕಿಕೊಂಡದ್ದು ಎಂದರೆ ಮೊದಲು ಊರು ಬಿಡಬೇಕಾದವಳು ಅವನ ಹೆಂಡತಿಯೇ. ಬಾಯಿ ಮುಚ್ಚಿಕೊಂಡು, ಇಲ್ಲದ ನೊಣಗಳಿಗೆ ಚವರಿ ಬೀಸುತ್ತ ಕುಳಿತ. ನಾನೂ ಕುಳಿತೆ, ಅವನೆದುರಿಗೇ, ನಾನು ಹೆಣೆದ ಚಾಪೆಯ ಮೇಲೆ. ಏಳೆಂದು ಯಾರೂ ಹೇಳಲಿಲ್ಲ.

ಇಷ್ಟು ವರ್ಷಗಳ ಮೇಲೆ ಈ ಕತೆ ಕೇಳಿ, ನಾಳೆ ಮೊದಲ ಸಲ ಓಟು ಹಾಕಲಿರುವ ಮೊಮ್ಮಗಳು ಮಸೀನಾ ನಾನು ಹೆಣೆದ ಚಾಪೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ.

“ನಿಜ ಹೇಳಜ್ಜಿ, ಆ ಒಂದು ಯಾರ್ದು?”

“ಪರದೇನ ಕೇಳು.”

“ಆಯ್ತು, ಇನ್ನೊಂದ್ಸಲ ಹೇಳು. ಹಂದಿಯಿಂದ.”