ಬಿಳಿ ಸುತ್ತಿನ ಜಾಲರಿ

“ಅದ್ಯಾಕೆ ಸಿಕ್ಕಿಸ್ತಿದ್ದೀಯೇ ಪುಟ್ಟಿ? ಇನ್ನೆಲ್ಲಿಗೆ ಸೈಕಲ್ ಹೊಡೀಬೇಕಿದೆ ಅವನು?”

ಅತ್ತೆ ಕೈ ಹಿಡಿದಾಗಲೇ ತಾನೇನು ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಾದದ್ದು. ಚಾಪೆಯ ಮೇಲೆ ಉಸಿರಿಲ್ಲದೆ ಮಲಗಿದ್ದ ಅಪ್ಪನಿಗೆ ತೊಡಿಸಿದ ಇಸ್ತ್ರಿ ಪ್ಯಾಂಟಿನ ಬಲಗಾಲನ್ನು ಎರಡು ಸುತ್ತು ಮಡಚಿ, ಮರದ ಬಟ್ಟೆಕ್ಲಿಪ್ಪನ್ನು ಅರ್ಧ ಸಿಕ್ಕಿಸಿಬಿಟ್ಟಿದ್ದಳು. ಬಟ್ಟೆ ಚೈನಿಗೆ ಸಿಕ್ಕಬಾರದೆಂದು ಅಪ್ಪ ನಲವತ್ತು ವರ್ಷ ದಿನಾ ಬೆಳಗ್ಗೆ ಮಾಡಿದ ಕೆಲಸವದು. ಅವಸರವಿದ್ದ ದಿನ ಬಾಗಿಲಲ್ಲಿ ನಿಂತು ಕಾಲು ಚಾಚುತ್ತಿದ್ದ, ಅವಳು ಬಗ್ಗಿ ಸಿಕ್ಕಿಸುತ್ತಿದ್ದಳು. ಕ್ಲಿಪ್ಪು ತೆಗೆದು ಮುಷ್ಟಿಯಲ್ಲಿಟ್ಟುಕೊಂಡಳು. ಮಡಿಕೆ ಬಿಚ್ಚಿದರೂ ಗೆರೆ ಹಾಗೇ ಉಳಿಯಿತು.

ಮೂವತ್ತಾರು ದಾಟಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಅಮ್ಮ ಹೋದ ಮೇಲೆ ಈ ಎರಡು ಕೋಣೆಯ ಮನೆಯಲ್ಲಿ ಉಳಿದದ್ದು ಅಪ್ಪ, ಅವಳು ಮತ್ತು ಊರವರ ಒಲೆಗಳು. ಅಪ್ಪನದು ಗ್ಯಾಸ್ ಒಲೆ ರಿಪೇರಿ. ಕಿಟಕಿಕಟ್ಟೆಯ ಮೇಲೆ ಬರ್ನರುಗಳು, ನಾಬುಗಳು, ತೂತು ಬಿಡಿಸುವ ಪಿನ್ನುಗಳು ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ: ‘ಮೂರನೇ ಮಹಡಿ, ಕೆಮ್ಮುವ ಅಜ್ಜಿ’, ‘ಹಳದಿ ಗೇಟು, ನಾಯಿ ಇದೆ’.

ಹಳದಿ ಗೇಟಿನ ಮನೆಯಾಕೆ ಕಣ್ಣೊರೆಸಿಕೊಳ್ಳುತ್ತ ಹತ್ತಿರ ಬಂದಳು. “ಈಗ ಕೇಳಬಾರದು ಕಣಮ್ಮ, ಆದ್ರೂ... ನಮ್ಮ ಬರ್ನರ್ ಇಲ್ಲೇ ಇರಬೇಕು. ಮೂರು ದಿನದಿಂದ ಒಂದೇ ಉರೀಲಿ ಅಡುಗೆ.”

ಪುಟ್ಟಿ ಹುಡುಕಿ ಕೊಟ್ಟಳು. ಉಜ್ಜಿ ಉಜ್ಜಿ ಹಿತ್ತಾಳೆ ಹೊಳೆಯುತ್ತಿತ್ತು. ಅಪ್ಪ ಕೆಲಸ ಮುಗಿಸಿಯೇ ಇಟ್ಟಿದ್ದ. ಅದನ್ನು ಕಂಡದ್ದೇ ಆಕೆ ನಿಜವಾಗಿ ಅಳತೊಡಗಿದಳು.

ಕೆಳಗೆ ಬೀದಿಯಲ್ಲಿ ಹತ್ತೊಂಬತ್ತು ಸೈಕಲ್ಲುಗಳು ನಿಂತಿದ್ದವು. ಭಾನುವಾರ ಅಪ್ಪನ ಜತೆ ಸೈಕಲ್ ಹೊಡೆಯುತ್ತಿದ್ದ ಗುಂಪು. ಆ ಗುಂಪಿನ ಮುಂದಾಳು ಹಲ್ಲಿನ ಡಾಕ್ಟರು, ಅಪ್ಪನ ಸೈಕಲ್ಲನ್ನು ಹಿಡಿದುಕೊಂಡಿದ್ದರು. ಅದರ ಮುಂಚಕ್ರ ಸೊಟ್ಟಗಾಗಿ ತಿರುಗುತ್ತಿರಲಿಲ್ಲ. ಟ್ರಾಫಿಕ್ ಪೊಲೀಸಿನ ದಫೇದಾರರು ಅವರ ಜತೆ ವಾದಕ್ಕಿಳಿದಿದ್ದರು. ಕಿಟಕಿಯವರೆಗೂ ಎಲ್ಲ ಕೇಳಿಸುತ್ತಿತ್ತು.

“ಮೆರವಣಿಗೆ ಮಾಡೋ ಹಾಗಿಲ್ಲ ಡಾಕ್ಟ್ರೇ.”

“ಮೆರವಣಿಗೆ ಅಲ್ಲ ಸಾರ್, ಸಾವಿಗೆ ಹೋಗ್ತಿದ್ದೀವಿ.”

“ಐದಕ್ಕಿಂತ ಹೆಚ್ಚು ಸೈಕಲ್ ಒಟ್ಟಿಗೆ ಹೋದ್ರೆ ಮೆರವಣಿಗೇನೇ. ತಳ್ಕೊಂಡು ಫುಟ್‌ಪಾತ್ ಮೇಲೆ ಬನ್ನಿ.”

“ಫುಟ್‌ಪಾತ್ ತುಂಬ ಬೈಕ್ ನಿಲ್ಸಿದಾರೆ.”

“ಹಾಗಾದ್ರೆ ಸೈಕಲ್ ಪಥದಲ್ಲಿ ಬನ್ನಿ.”

“ಅಲ್ಲಿ ಕಾರು ನಿಲ್ಸಿದಾರೆ.”

ದಫೇದಾರರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ಎಲ್ಲಾದ್ರೂ ಬನ್ನಿ ಸ್ವಾಮಿ, ರಸ್ತೇಲಿ ಮಾತ್ರ ಬೇಡ.”

ಅಪ್ಪ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆಮೇಲೆ ಕೂತು ಅರ್ಜಿ ಬರೆಯುತ್ತಿದ್ದ.

*

ಊರಿಗೆಲ್ಲ ಅವನು ಜಾಲರಿ ತಾತ. ಹಿಡಿದ ಪಟ್ಟು ಬಿಡದ ಮನುಷ್ಯ, ಆದರೆ ಕೇಳುತ್ತಿದ್ದದ್ದು ತೀರ ಸಣ್ಣದು. ರಸ್ತೆಯಂಚಿನ ಚರಂಡಿಗಳಿಗೆ ಮುಚ್ಚಿದ ಕಬ್ಬಿಣದ ಜಾಲರಿಗಳ ಸರಳುಗಳು ರಸ್ತೆಯ ಉದ್ದಕ್ಕೇ ಇದ್ದವು. ಸೈಕಲ್ ಚಕ್ರ ಅವುಗಳ ಸಂದಿನಲ್ಲಿ ಇಳಿದರೆ ಮುಗಿಯಿತು, ಸವಾರ ಮುಂದಕ್ಕೆ ಹಾರಿ ಬೀಳಬೇಕು. “ಹೊಸದು ಬೇಡ ಸಾರ್, ಇರೋದನ್ನೇ ತಿರುಗಿಸಿ ಅಡ್ಡಕ್ಕೆ ಹಾಕಿ” ಎನ್ನುತ್ತಿದ್ದ. ಯಾವ ಎಂಜಿನಿಯರ ಮೇಜಿನ ಮುಂದೆ ಕೂತರೂ ಜೇಬಿನಿಂದ ಬಾಚಣಿಗೆ ತೆಗೆದು, ಅದರ ಹಲ್ಲುಗಳ ಉದ್ದಕ್ಕೆ ಒಂದು ನಾಣ್ಯ ಇಳಿಸಿ ತೋರಿಸುತ್ತಿದ್ದ. ಸಿಕ್ಕಿಕೊಳ್ಳುತ್ತಿತ್ತು. ಅಡ್ಡಕ್ಕೆ ಉರುಳಿಸುತ್ತಿದ್ದ. ಸಲೀಸಾಗಿ ಹೋಗುತ್ತಿತ್ತು. ಎಂಜಿನಿಯರರು ನಕ್ಕು ಬಾಚಣಿಗೆ ವಾಪಸು ಕೊಡುತ್ತಿದ್ದರು.

ಹೀಗೆ ಆರು ಜಾಲರಿ ತಿರುಗಿದವು. ಉಳಿದವಕ್ಕೆ ಅಪ್ಪ ವಾರಕ್ಕೊಮ್ಮೆ ಸೀಮೆಸುಣ್ಣದಲ್ಲಿ ಬಿಳಿ ಸುತ್ತು ಬರೆಯುತ್ತಿದ್ದ, ಗೊತ್ತಿಲ್ಲದವರು ಕಂಡು ಇಳಿಯಲೆಂದು. ಸುತ್ತು ಕಂಡಲ್ಲಿ ಸೈಕಲ್ಲಿಂದಿಳಿದು, ಎತ್ತಿಕೊಂಡು ದಾಟಬೇಕೆಂದು ಭಾನುವಾರದ ಗುಂಪಿಗೆಲ್ಲ ಪಾಠ ಮಾಡಿದ್ದ.

ಇದೇ ದಫೇದಾರರು ಒಮ್ಮೆ ಅವನನ್ನು ಹಿಡಿದಿದ್ದರು. ಅಪ್ಪ ಆ ಕತೆಯನ್ನು ನೂರು ಸಲ ಹೇಳಿದ್ದ. ‘ಸೈಕಲ್ ಪಥ ಬಿಟ್ಟು ರಸ್ತೆಗೆ ಯಾಕೆ ಬಂದ್ರಿ?’ ಎಂದು ಅವರು ಗದರಿದರಂತೆ. ‘ಪಥದಲ್ಲಿ ನಿಮ್ಮ ಜೀಪೇ ನಿಂತಿದೆಯಲ್ಲ ಸಾರ್’ ಎಂದನಂತೆ ಇವನು. ಅದಕ್ಕೂ ದಂಡದ ರಸೀದಿ ಹರಿದುಕೊಟ್ಟರು. ಮರುವಾರ ಅವರ ಮನೆಯ ಒಲೆ ಕೈಕೊಟ್ಟಾಗ ಹೋಗಿ ಸರಿಮಾಡಿ ಬಂದವನೂ ಅಪ್ಪನೇ.

*

ದಫೇದಾರರು ಮೆಟ್ಟಿಲು ಹತ್ತಿ ಬಂದು, ಅಪ್ಪನಿಗೆ ಕೈ ಮುಗಿದರು. ಆಮೇಲೆ ಪುಟ್ಟಿಯನ್ನು ಅಡುಗೆಮನೆಗೆ ಕರೆದು ಜೇಬಿನಿಂದ ಕಾಗದ ತೆಗೆದರು.

“ಹನ್ನೆರಡೂವರೆಗೆ ದಹನದ ಪಾಳಿ ನಿಮ್ದು ಅಲ್ವಾ? ಈ ಕಾಗದ ಇಲ್ಲದೆ ಸ್ಮಶಾನದ ಕಚೇರಿಯವ್ರು ಒಳಗೆ ಬಿಡಲ್ಲ. ಒಂದು ಸಹಿ ಹಾಕಮ್ಮ.”

ಅವಳು ಓದಿದಳು. ‘ಮೃತರು ಅಜಾಗರೂಕತೆಯಿಂದ ಸೈಕಲ್ ಚಲಾಯಿಸಿ, ಆಯ ತಪ್ಪಿ ಬಿದ್ದು ತಲೆಗೆ ಪೆಟ್ಟಾಗಿ ಮರಣ ಹೊಂದಿರುತ್ತಾರೆ. ಈ ಬಗ್ಗೆ ನನ್ನದು ಯಾರ ಮೇಲೂ ದೂರು ಇರುವುದಿಲ್ಲ.’

“ಅಜಾಗರೂಕತೆ ಅಂತ ಇದೆ.”

“ಎಲ್ಲದರಲ್ಲೂ ಹಾಗೇ ಇರತ್ತೆ. ಅದು ಅಚ್ಚು ಹಾಕ್ಸಿದ್ದು.” ಅವರು ದನಿ ತಗ್ಗಿಸಿದರು. “ನಂಗೆ ಗೊತ್ತಿಲ್ವಾ ಅವರು ಎಂಥೋರು ಅಂತ? ಮೇಲಿನವ್ರು ಇವತ್ತೇ ಬೇಕು ಅಂತ ಜೀವ ತಿಂತಿದಾರೆ.”

“ವ್ಯಾನ್ ಬಂತು!” ಎಂದು ಅತ್ತೆ ಆಚೆಯಿಂದ ಕೂಗಿದಳು. ದಫೇದಾರರು ಕಾಗದವನ್ನು ಅವಳ ಕೈಗೇ ಕೊಟ್ಟು, “ದಾರೀಲಾದ್ರೂ ಹಾಕಿಬಿಡು” ಎಂದು ಇಳಿದುಹೋದರು.

ಅಡುಗೆಮನೆಯ ಬಾಗಿಲಲ್ಲಿ ಅವಳ ಕಚೇರಿಯ ಮೇಲ್ವಿಚಾರಕಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೂವಿನ ಚಕ್ರವನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು, ‘ನಗರ ದೂರು ವಿಭಾಗ’ ಎಂಬ ಪಟ್ಟಿ ಜೋತಾಡುತ್ತಿತ್ತು.

“ಸಹಿ ಹಾಕು ಪುಟ್ಟಿ,” ಎಂದಳು, ಮೃದುವಾಗಿಯೇ. “ಹಾಕದಿದ್ರೆ ನಿಮ್ಮಪ್ಪ ಕೊಟ್ಟಿದ್ದ ಜಾಲರಿ ದೂರಿನ ಕಡತ ತೆಗೀತಾರೆ. ತೆಗೆದ್ರೆ ಆ ದೂರು ಮುಚ್ಚಿದ್ದು ಯಾರು ಅಂತ ಕೇಳ್ತಾರೆ. ಮುಂದಿನ ತಿಂಗಳು ನಿನ್ನ ಗುತ್ತಿಗೆ ಬೇರೆ ಮುಗಿಯತ್ತೆ. ಅವರಂತೂ ಹೋದ್ರು. ನೀನು ಬದುಕಬೇಕಲ್ಲಮ್ಮ.”

ಪುಟ್ಟಿ ಮುಷ್ಟಿಯನ್ನು ಇನ್ನಷ್ಟು ಬಿಗಿ ಮಾಡಿದಳು. ಕ್ಲಿಪ್ಪಿನ ತಂತಿ ಅಂಗೈಗೆ ಒತ್ತುತ್ತಿತ್ತು.

*

ದೂರು ವಿಭಾಗದಲ್ಲಿ ಅವಳದು ನಾಲ್ಕನೇ ಮೇಜು. ಮೂವತ್ತು ದಿನ ದಾಟಿದ ದೂರು ಗೋಡೆಯ ಪರದೆಯ ಮೇಲೆ ಕೆಂಪಾಗುತ್ತಿತ್ತು. ತಿಂಗಳ ಕೊನೆಗೆ ದೊಡ್ಡವರು ನೋಡಲು ಬರುವಾಗ ಪರದೆ ಹಸಿರಾಗಿರಬೇಕು. ಹಾಗಾಗಿ ಕೊನೆಯ ದಿನ ಮಧ್ಯಾಹ್ನ ಎಲ್ಲರೂ ಕೂತು ಕೆಂಪನ್ನೆಲ್ಲ ‘ಸರಿಪಡಿಸಲಾಗಿದೆ’ ಎಂದು ಮುಚ್ಚುತ್ತಿದ್ದರು. ಅದಕ್ಕೆ ಅಲ್ಲಿ ‘ಗುಡಿಸುವುದು’ ಎಂದು ಹೆಸರು. ದೂರು ಕೊಟ್ಟವರು ಮತ್ತೆ ಕೊಡುತ್ತಾರೆ, ಹೊಸ ಸಂಖ್ಯೆ ಸಿಗುತ್ತದೆ, ಯಾರಿಗೂ ನಷ್ಟವಿಲ್ಲ ಎಂಬುದು ಅಲ್ಲಿನ ಲೆಕ್ಕಾಚಾರ.

ಅಪ್ಪನ ದೂರುಗಳನ್ನು ಮುಚ್ಚುವುದನ್ನು ಅವಳು ಹತ್ತು ತಿಂಗಳು ಹೇಗೋ ತಪ್ಪಿಸಿದ್ದಳು, ಪಕ್ಕದ ವಿಭಾಗಕ್ಕೆ ದಾಟಿಸಿ, ಮತ್ತೆ ತನ್ನಲ್ಲಿಗೇ ತರಿಸಿಕೊಂಡು. ಹನ್ನೊಂದನೆಯ ತಿಂಗಳು ಅವಳ ಪಾಲಿಗೆ ನೂರಾ ಎಪ್ಪತ್ತು ಕೆಂಪು ಬಂದಿದ್ದವು. ನಾಲ್ಕು ಸಂಖ್ಯೆ ನೋಡಿ ಒತ್ತಿದಳು, ಆಮೇಲೆ ನೋಡದೆ ಒತ್ತಿದಳು. ಸಿಗ್ನಲ್ ಪಕ್ಕದ ಜಾಲರಿಯ ಬಗ್ಗೆ ಅಪ್ಪ ಕೊಟ್ಟ ದೂರೂ ಅದರಲ್ಲೇ ಹೋಯಿತು. ಕಣ್ಣಿಗೆ ಬಿದ್ದಾಗ ಮುಚ್ಚಿಯಾಗಿತ್ತು, ಮುಚ್ಚಿದ್ದನ್ನು ತೆರೆಯುವ ಗುಂಡಿ ಅವಳ ಬಳಿ ಇರಲಿಲ್ಲ.

ಸಂಜೆ ಮನೆಗೆ ಬಂದರೆ ಅಪ್ಪ ಬಿಸ್ಕತ್ತಿನ ಪೊಟ್ಟಣ ಒಡೆದು ಕೂತಿದ್ದ. “ನೋಡೇ, ಮೆಸೇಜ್ ಬಂದಿದೆ. ‘ಸರಿಪಡಿಸಲಾಗಿದೆ’ ಅಂತೆ! ಹನ್ನೊಂದು ತಿಂಗಳು ಚಪ್ಪಲಿ ಸವೆಸಿದ್ದಕ್ಕೆ ಆಯ್ತು ನೋಡು. ನೀನೇ ಯಾರಿಗೋ ಹೇಳಿ ಮಾಡ್ಸಿದ್ದು ಅಲ್ವಾ? ಸುಳ್ಳು ಹೇಳಬೇಡ.”

ಅವನ ಮುಖ ಹಾಗೆ ಅರಳಿದ್ದನ್ನು ಅವಳು ಅಮ್ಮ ಹೋದ ಮೇಲೆ ಕಂಡಿರಲಿಲ್ಲ. ನುಂಗಲೂ ಆಗದೆ ಉಗುಳಲೂ ಆಗದೆ ಬಿಸ್ಕತ್ತು ಬಾಯಲ್ಲೇ ಉಳಿಯಿತು. ನಾಳೆ ಹೇಳೋಣ ಅಂದುಕೊಂಡಳು.

ಬೆಳಗ್ಗೆ ಅವಳು ಹಲ್ಲುಜ್ಜುತ್ತಿದ್ದಾಗ ಅಪ್ಪ ಬಾಗಿಲಿಂದ ಕೂಗಿದ: “ಇವತ್ತು ಸಿಗ್ನಲ್ ಹತ್ರ ಇಳೀದೇ ಹೋಗ್ತೀನಿ ಕಣೇ!” ಬ್ರಷ್ಷು ಬಾಯಲ್ಲಿತ್ತು. ಹೋಗಿ ನೋಡುತ್ತಾನೆ, ಸರಳು ಹಾಗೇ ಇರುವುದನ್ನು ಕಂಡು ಬಯ್ಯುತ್ತಾನೆ, ಸಂಜೆ ಬಂದು ಜಗಳ ತೆಗೆಯುತ್ತಾನೆ, ಆಗ ಹೇಳಿದರಾಯಿತು ಎಂದು ಯೋಚಿಸುವಷ್ಟರಲ್ಲಿ ಮೆಟ್ಟಿಲ ಕೆಳಗೆ ಸೈಕಲ್ ಗಂಟೆ ಕೇಳಿಸಿತು.

ಅಂದು ಸಿಗ್ನಲ್ ಬಳಿ ನೀರಿನ ಪೈಪು ಒಡೆದು ರಸ್ತೆಯಂಚೆಲ್ಲ ಮೊಣಕಾಲಿನರ್ಧ ನೀರು ನಿಂತಿತ್ತೆಂಬುದು ಅವಳಿಗೆ ಗೊತ್ತಿರಲಿಲ್ಲ. ಬಿಳಿ ಸುತ್ತೂ ಕಂಡಿರಲಿಕ್ಕಿಲ್ಲ, ಸರಳೂ ಕಂಡಿರಲಿಕ್ಕಿಲ್ಲ. ಪಥದಲ್ಲಿ ಕಾರುಗಳಿದ್ದವು, ಅಂಚೊಂದೇ ದಾರಿ. ಮಗಳ ಕಚೇರಿ ಸರಿಪಡಿಸಿದೆ ಎಂದಿತ್ತು. ಅಪ್ಪ ಇಳಿಯಲಿಲ್ಲ.

*

ವ್ಯಾನು ಸಿಗ್ನಲ್ಲಿನ ಬಳಿ ಸಿಕ್ಕಿಹಾಕಿಕೊಂಡಾಗ ಹನ್ನೆರಡು ಗಂಟೆ ಐದು ನಿಮಿಷ. ಹಿಂದೆ ಮುಂದೆ ಕಾರುಗಳು, ಎಡಕ್ಕೆ ಪಥದೊಳಗೆ ನಿಲ್ಲಿಸಿಟ್ಟ ಕಾರುಗಳು. ಹಾರ್ನಿಗೆ ತಲೆ ಚಿಟ್ಟು ಹಿಡಿಯುವಂತಾಗಿತ್ತು. ಅಪ್ಪನ ಪಕ್ಕದ ಬೆಂಚಿನಲ್ಲಿ ಕೂತಿದ್ದ ಅವಳ ತೊಡೆಯ ಮೇಲೆ ಕಾಗದವಿತ್ತು, ದಫೇದಾರರ ಪೆನ್ನೂ ಇತ್ತು.

ಅತ್ತೆ ಗಡಿಯಾರ ನೋಡಿಕೊಂಡಳು. “ಹಾಕಿಬಿಡೇ. ಅಲ್ಲಿ ಹೋಗಿ ಅವನನ್ನ ಹೊರಗೆ ಕಾಯಿಸೋದು ಬೇಡ.”

ಪುಟ್ಟಿ ಪೆನ್ನು ತೆಗೆದುಕೊಂಡಳು. ಸಹಿಯ ಜಾಗದ ಮೇಲೆ ತುದಿ ಇಟ್ಟಳು ಕೂಡ. ಆಗ ಕಿಟಕಿಯಾಚೆ ಆ ಜಾಲರಿ ಕಂಡಿತು. ನೀರು ಇಂಗಿ ಕೆಸರು ಒಣಗಿತ್ತು. ಯಾರೋ ಪಕ್ಕದಲ್ಲೊಂದು ಮುರಿದ ಕೆಂಪು ಶಂಕು ಇಟ್ಟಿದ್ದರು. ಸರಳುಗಳು ಉದ್ದಕ್ಕೇ ಇದ್ದವು. ಸುತ್ತಲೂ ಅಪ್ಪನ ಬಿಳಿ ಸುತ್ತು ಅಲ್ಲಲ್ಲಿ ಅಳಿಸಿ ಅರ್ಧ ಉಳಿದಿತ್ತು. ಅಪ್ಪ ಕಣ್ಣುಮುಚ್ಚಿ ಬಿದ್ದವನಲ್ಲ, ಮಗಳನ್ನು ನಂಬಿ ಬಿದ್ದವನು. ಅದನ್ನು ಅಜಾಗರೂಕತೆ ಎಂದು ಬರೆದುಕೊಟ್ಟರೆ ಅವನನ್ನು ಎರಡನೇ ಸಲ ಬೀಳಿಸಿದಂತೆ.

ಹಿಂಬಾಗಿಲು ತೆರೆದು ಇಳಿದಳು. “ಎಲ್ಲಿಗೇ?” ಎಂದ ಅತ್ತೆಯ ಕೂಗನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದೆ ದಾರಿ ಬಿಡಿಸುತ್ತಿದ್ದ ದಫೇದಾರರು ಬೈಕು ನಿಲ್ಲಿಸಿ ಓಡಿಬಂದರು. “ಆಯ್ತಾ ಸಹಿ?”

“ಇಲ್ಲ. ನಾನು ಹೇಳ್ತೀನಿ, ಹಿಂದುಗಡೆ ಬರ್ಕೊಳ್ಳಿ. ಅದಕ್ಕೆ ಹಾಕ್ತೀನಿ.”

“ಇಲ್ಲೇನಮ್ಮ, ನಡುರಸ್ತೇಲಿ?”

“ಇಲ್ಲೇ.”

ಅವರು ಅವಳ ಮುಖ ನೋಡಿದರು, ವ್ಯಾನಿನತ್ತ ನೋಡಿದರು. ಅವಳಿಂದ ಪೆನ್ನು, ಕಾಗದ ತೆಗೆದುಕೊಂಡು, ಕಾಗದವನ್ನು ಮಗುಚಿ ವ್ಯಾನಿನ ಬಾನೆಟ್ಟಿನ ಮೇಲಿಟ್ಟರು. ಗಾಳಿಗೆ ಅದು ಪಟಪಟಿಸಿತು. ಅವಳು ಮುಷ್ಟಿ ಬಿಚ್ಚಿ ಕ್ಲಿಪ್ಪು ಕೊಟ್ಟಳು. ತಮ್ಮ ರಸೀದಿ ಪುಸ್ತಕದ ರಟ್ಟಿಗೆ ಕಾಗದವನ್ನು ಸಿಕ್ಕಿಸಿಕೊಂಡು ಅವರು ಬರೆಯತೊಡಗಿದರು. ದೂರಿನ ಸಂಖ್ಯೆ ಹೇಳಿದಳು; ಹನ್ನೊಂದು ಅಂಕಿ, ಬಾಯಿಪಾಠವಾಗಿತ್ತು. ತಾರೀಕು ಹೇಳಿದಳು. ಜಾಲರಿ ಸರಿಪಡಿಸದೆಯೇ ಸರಿಪಡಿಸಿದೆ ಎಂದು ಮೆಸೇಜು ಹೋದದ್ದನ್ನು ಹೇಳಿದಳು. ಸೈಕಲ್ಲಿನವರು ತಳ್ಳಿಕೊಂಡು ಬಂದು ಸುತ್ತ ನಿಂತಿದ್ದರು. ಎರಡು ಕಾರಿನ ಹಿಂದೆ ಮೇಲ್ವಿಚಾರಕಿಯ ಕಾರಿತ್ತು, ಅದರ ಗಾಜು ನಿಧಾನಕ್ಕೆ ಕೆಳಗಿಳಿಯಿತು.

“ಮುಚ್ಚಿದ್ದು ಯಾರು ಅಂತ ಬರೀಲಿ?” ಎಂದು ದಫೇದಾರರು ಕೇಳಿದರು.

“ನಾನು.”

ಪೆನ್ನು ನಿಂತಿತು.

“ಯೋಚ್ನೆ ಮಾಡಮ್ಮ. ಬರೆದ ಮೇಲೆ ನನ್ನ ಕೈಲಿ ಅಳಿಸಕ್ಕಾಗಲ್ಲ.”

“ನನ್ನ ಕೈಲೂ ಆಗಿಲ್ಲ ಸಾರ್. ಬರೀರಿ. ನಾಲ್ಕನೇ ಮೇಜು, ಅವರ ಮಗಳು.”

ಸಹಿ ಹಾಕಿದಳು. ಹೆದರಿಕೆಯಾಗಿತ್ತು, ಕೆಲಸ ಹೋಗುವುದು ಗೊತ್ತಿತ್ತು. ಭಾರವೇನೂ ಇಳಿಯಲಿಲ್ಲ. ಡಾಕ್ಟರ ಕೈಯಲ್ಲಿದ್ದ ಅಪ್ಪನ ಸೈಕಲ್ಲಿನ ಹತ್ತಿರ ಹೋಗಿ, ಕ್ಯಾರಿಯರಿನ ಪೆಟ್ಟಿಗೆಯಿಂದ ಸೀಮೆಸುಣ್ಣದ ತುಂಡು ತೆಗೆದು, ಜಾಲರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಅಪ್ಪ ಅರ್ಧಕ್ಕೆ ಬಿಟ್ಟಲ್ಲಿಂದ ಎಳೆಯತೊಡಗಿದಳು. ಕೆಸರಿನ ಮೇಲೆ ಸುಣ್ಣ ಹಿಡಿಯಲಿಲ್ಲ. ಎರಡು ಸಲ, ಮೂರು ಸಲ ಎಳೆದಳು.

ವ್ಯಾನು ಹೊರಟಾಗ ಹನ್ನೆರಡೂ ಮುಕ್ಕಾಲು. ಪಾಳಿ ತಪ್ಪಿತ್ತು, ಇನ್ನು ನಾಲ್ಕು ಗಂಟೆಗೆ. ಅತ್ತೆ ಅವಳ ಕೈಯ ಸುಣ್ಣವನ್ನು ಸೆರಗಿನಿಂದ ಒರೆಸಿದಳು.

ಪುಟ್ಟಿ ಹಿಂದಿನ ಗಾಜಿನಿಂದ ನೋಡಿದಳು. ಸೈಕಲ್ಲಿನವರು ಒಬ್ಬರ ಹಿಂದೊಬ್ಬರು ರಸ್ತೆಯಲ್ಲೇ ಬಂದು, ಸುತ್ತಿನ ಬಳಿ ನಿಂತು, ಸೈಕಲ್ಲನ್ನು ಭುಜದೆತ್ತರಕ್ಕೆ ಎತ್ತಿಕೊಂಡು ಜಾಲರಿಯನ್ನು ದಾಟುತ್ತಿದ್ದರು. ಅವರ ಹಿಂದೆ ರಸ್ತೆಯಗಲಕ್ಕೂ ಕಾರುಗಳು ಕಿರುಚುತ್ತಿದ್ದವು. ಕಾರುಗಳ ಮುಂದೆ, ಜಾಲರಿಯ ಸರಳುಗಳ ಪಕ್ಕದಲ್ಲೇ ಬೂಟು ಊರಿ, ಮರದ ಕ್ಲಿಪ್ಪು ಹಾಕಿದ ಕಾಗದವನ್ನು ಕಂಕುಳಲ್ಲಿ ಅವುಚಿಕೊಂಡು, ದಫೇದಾರರು ಇನ್ನೊಂದು ಕೈ ಎತ್ತಿ ನಿಂತಿದ್ದರು.