ಫಾರಂ ಅಕ್ಕನ ತಂಗಿ

ಶಾಲೆಯ ಕಚೇರಿಯಲ್ಲಿ ಅವಳು ಗುಮಾಸ್ತೆ. ಮಕ್ಕಳ ಅಪ್ಪ ಅಮ್ಮಂದಿರಿಗೆ ಮಾತ್ರ ಫಾರಂ ಅಕ್ಕ. ಆ ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ದುಡ್ಡು ಕಟ್ಟಬೇಕಿತ್ತು. ಕಟ್ಟಲಾಗದವರು ಒಂದು ಫಾರಂ ತುಂಬಿಕೊಟ್ಟರೆ ಮಗುವಿಗೆ ಊಟ ಉಚಿತ. ಎರಡೇ ಪುಟ, ಆದರೆ ಕಬ್ಬಿಣದ ಕಡಲೆ. 'ಮನೆಯಲ್ಲಿ ಎಷ್ಟು ಜನ' ಅನ್ನುವ ಕಡೆ ಹಾಸಿಗೆ ಹಿಡಿದ ಅಜ್ಜಿಯನ್ನೂ ತೊಟ್ಟಿಲ ಕೂಸನ್ನೂ ಬಿಟ್ಟು ಬರೆಯುತ್ತಿದ್ದರು, ತಲಾ ಆದಾಯ ಹೆಚ್ಚೆಂದು ಅರ್ಜಿ ತಿರಸ್ಕೃತವಾಗಿ ವಾಪಸು ಬರುತ್ತಿತ್ತು. ಅವಳು ಎದುರು ಕೂರಿಸಿಕೊಂಡು, "ಅಜ್ಜಿ ಏನು ಗಾಳಿ ಕುಡ್ಕೊಂಡು ಇರ್ತಾರಾ? ಬರೀರಿ" ಎಂದು ಗದರಿ ಬರೆಸುತ್ತಿದ್ದಳು. ಅವಳ ಕೈ ತಾಗಿದ ಅರ್ಜಿ ತಿರುಗಿ ಬಂದದ್ದಿಲ್ಲ.

ಆದರೆ ಅವಳ ಬಾಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಭಾನುವಾರ ತಂಗಿಯ ಮನೆಗೆ ಹೋದರೆ ಚಹಾ ಆರುವವರೆಗೂ ಕಚೇರಿಯ ಕತೆ. ಒಮ್ಮೆ ಒಬ್ಬ ಅಪ್ಪ 'ಉದ್ಯೋಗ' ಎಂದಿರುವ ಕಡೆ 'ಯೋಚನೆ' ಎಂದು ಬರೆದುಕೊಟ್ಟಿದ್ದ. ಅದನ್ನು ಕೇಳಿ ತಂಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಫಾರಂ ಅಕ್ಕ ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಹೆಸರು ಹೇಳದಿದ್ದರೆ ತಪ್ಪಿಲ್ಲ ಎಂದುಕೊಂಡಿದ್ದಳು.

ತಂಗಿಯ ಮಗಳು ಗುಬ್ಬಿ ಅದೇ ಶಾಲೆಯಲ್ಲಿ ಮೂರನೇ ತರಗತಿ. ಒಂದು ದಿನ ಊಟ ಬಡಿಸುವ ಆಯಾ ಕಚೇರಿಯ ಬಾಗಿಲಲ್ಲಿ ನಿಂತು ಕೇಳಿದಳು: "ಅಕ್ಕಾ, ನಿಮ್ಮ ಗುಬ್ಬಿ ಊಟಕ್ಕೆ ಬರ್ತಾನೇ ಇಲ್ವಲ್ಲ, ಮನೆಯಿಂದ ಡಬ್ಬಿ ತರ್ತಾಳಾ?"

ಫಾರಂ ಅಕ್ಕ ತನ್ನ ಡಬ್ಬಿಯನ್ನು ಮೇಜಿನ ಮೇಲೇ ಬಿಚ್ಚಿ ಉಣ್ಣುವವಳು, ಊಟದ ಕೋಣೆಯ ಕಡೆ ಹೋದವಳಲ್ಲ. ಎದ್ದು ಹುಡುಕಿದಳು. ಗುಬ್ಬಿ ಗ್ರಂಥಾಲಯದಲ್ಲಿ ಒಬ್ಬಳೇ ಕೂತು ಪುಸ್ತಕದ ಕಪಾಟು ಒರೆಸುತ್ತಿದ್ದಳು. ಪಕ್ಕದಲ್ಲಿ ಖಾಲಿ ನೀರಿನ ಬಾಟಲಿ.

"ಹಸಿವಿಲ್ಲ ದೊಡ್ಡಮ್ಮ."

ದೊಡ್ಡಮ್ಮ ತನ್ನ ಡಬ್ಬಿ ತಂದು ಮುಂದಿಟ್ಟಳು. ಮಗು ತಲೆ ಎತ್ತದೆ ತಿಂದಿತು, ಮುಚ್ಚಳಕ್ಕೆ ಅಂಟಿದ್ದನ್ನೂ ಬೆರಳಲ್ಲಿ ಬಳಿದು ತಿಂದಿತು. ಆಮೇಲೆ ಹೆದರಿಕೊಂಡು, "ಅಮ್ಮಂಗೆ ಹೇಳ್ಬೇಡಿ" ಎಂದಿತು.

ಅಂದು ಸಂಜೆಯೇ ಅವಳು ಫಾರಂ ಹಿಡಿದು ತಂಗಿಯ ಮನೆಗೆ ಹೋದಳು. ಭಾನುವಾರವಲ್ಲದ ದಿನ ಆ ಮನೆಯನ್ನು ನೋಡಿದ್ದು ಅದೇ ಮೊದಲು. ಫ್ರಿಜ್ಜಿನ ವೈರು ಕಿತ್ತಿತ್ತು, ಒಳಗೆ ಮಡಚಿದ ಬಟ್ಟೆ ಜೋಡಿಸಿದ್ದರು. ತಂಗಿಯ ಗಂಡ ದುಡಿಯುತ್ತಿದ್ದ ಪ್ರೆಸ್ಸು ಮುಚ್ಚಿ ಮೂರು ತಿಂಗಳಾಗಿತ್ತಂತೆ. ಅವನು ಅತ್ತಿಗೆಯ ಮುಖ ನೋಡಲಾಗದೆ ಚಪ್ಪಲಿ ಮೆಟ್ಟಿ ಹೊರಗೆ ಹೋದ.

"ಒಂದು ಮಾತು ಹೇಳ್ಬಾರದಿತ್ತೇನೇ? ದಿನಾ ಊರೋರ ಮಕ್ಕಳಿಗೆಲ್ಲ ಬರ್ಕೊಡ್ತೀನಿ. ನಾನೇನು ಹೊರಗಿನವಳಾ?"

"ಹೊರಗಿನವಳಾಗಿದ್ರೆ ಕೊಡ್ತಿದ್ದೆ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ!" ಸಿಟ್ಟಿನಲ್ಲಿ ಬಾಯಿ ಜಾರಿತು. ಆಡಿದ ಮೇಲೆ ಫಾರಂ ಅಕ್ಕ ತುಟಿ ಕಚ್ಚಿಕೊಂಡಳು.

ತಂಗಿ ಕೂಗಾಡಲಿಲ್ಲ. "ನೋಡು, ಈಗ್ಲೂ ಆಡ್ಬಿಟ್ಟೆ. ಯೋಚನೆ ಅಂತ ಬರೆದನಲ್ಲ ಅಕ್ಕ, ಅವನು ಮೂಲೆ ಮನೆ ಟೈಲರ್ ಅಂತ ನೀನು ಹೇಳದಿದ್ರೂ ನಂಗೆ ಗೊತ್ತಾಗಿತ್ತು. ಆಮೇಲೆ ಅವನು ದಾರೀಲಿ ಸಿಕ್ಕಾಗೆಲ್ಲ ನಂಗೆ ನಗು ಬರ್ತಿತ್ತು. ಈಗ ನಾನು ಬರೆದುಕೊಟ್ರೆ, ನೀನು ಭಾನುವಾರ ಯಾರ ಮನೇಲಿ ಹೇಳ್ತೀಯ?"

"ನಿನ್ನ ವಿಷಯ ಹೇಳ್ತೀನಾ?"

"ಗೊತ್ತಿಲ್ಲ. ಗೊತ್ತಿಲ್ದೇ ಇರೋದೇ ಕಷ್ಟ." ತಂಗಿ ಫಾರಂ ವಾಪಸು ಚಾಚಿದಳು: "ನೀನು ಕೆಟ್ಟವಳಲ್ಲಕ್ಕ. ನಂಗೇ ಆಗ್ತಿಲ್ಲ."

ಫಾರಂ ಅಕ್ಕ ಅತ್ತಳು, ಕೈ ಹಿಡಿದು ಬೇಡಿದಳು. ಫಾರಂ ಅಲ್ಲೇ ಇಟ್ಟು ಬಂದಳು. ಅದು ಅವಳ ಮೇಜಿಗೆ ಬರಲಿಲ್ಲ. ಅವಳು ಎರಡು ಡಬ್ಬಿ ತರತೊಡಗಿದಳು. ಗುಬ್ಬಿ ಎರಡು ದಿನ ತಿಂದಿತು. ಮೂರನೇ ದಿನ, "ಅಮ್ಮ ಬೇಡ ಅಂದ್ರು" ಎಂದು ಕೈ ಹಿಂದೆ ಕಟ್ಟಿಕೊಂಡು ನಿಂತಿತು.

ಎರಡು ವಾರಕ್ಕೆ ತಂಗಿಯ ಗಂಡ ಟಿ.ಸಿ. ಕೇಳಿಕೊಂಡು ಬಂದ. ಸೇತುವೆಯಾಚೆಯ ಶಾಲೆಗೆ ಸೇರಿಸುತ್ತಾರಂತೆ, ಹೋಗಿ ಬರಲು ಎರಡು ಬಸ್ಸು. ಕಾರಣ ಎನ್ನುವ ಕಡೆ 'ಪೋಷಕರ ಕೋರಿಕೆ' ಎಂದು ಟೈಪು ಮಾಡಿದವಳು ಅವಳೇ.

ಆಮೇಲೆ ಭಾನುವಾರಗಳು ಬಂದವು. ತಂಗಿ ಬರಬೇಡ ಎನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. ಫಾರಂ ಅಕ್ಕ ಮನೆಯಲ್ಲೇ ಉಳಿದಳು. ಕಚೇರಿಯಲ್ಲಿ ಅರ್ಜಿ ತುಂಬಿಸುವುದನ್ನು ನಿಲ್ಲಿಸಲಿಲ್ಲ. ಆದರೆ ಬಂದವರನ್ನು ಗದರುವುದು ನಿಂತಿತು. ಟೈಲರ್ ಬಂದ ದಿನ ಅವನ ಮುಖ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ.

ಸೇತುವೆಯಾಚೆಯ ಶಾಲೆಯಿಂದ ಒಂದು ದಿನ ಫೋನು ಬಂತು. ಗುಬ್ಬಿಯ ಹುಟ್ಟಿದ ತಾರೀಖು ಸರಿ ನೋಡಬೇಕಿತ್ತು. ಅವಳು ರಿಜಿಸ್ಟರು ತೆರೆಯದೆಯೇ ಹೇಳಿದಳು. ಆಮೇಲೆ ತಡೆಯಲಾರದೆ ಕೇಳಿದಳು: "ಮಗು ಊಟ ಮಾಡ್ತಿದೆಯಾ?"

"ಮಾಡ್ತಿದೆಯಮ್ಮ, ಫಾರಂ ಕೊಟ್ಟಿದ್ದಾರೆ. ಎರಡನೇ ಸಲ ಹಾಕಿಸ್ಕೊಳ್ಳುತ್ತೆ." ಆ ಕಡೆಯ ಹೆಂಗಸು ನಕ್ಕಳು. "ನೀವು ಅವಳಿಗೆ ಏನಾಗ್ಬೇಕು?"

ಫಾರಂ ಅಕ್ಕ ಬಾಯಿ ತೆರೆದಳು, ಮುಚ್ಚಿದಳು.

"ನಾನು ಇಲ್ಲಿನ ಗುಮಾಸ್ತೆ" ಎಂದಳು.