ಎದೆ ಬಿಚ್ಚುವ ಸರದಿ

‘ಪೆಟ್ಟಿಗೆ ಹಗುರವಾಗಿತ್ತು’ ಎಂದು ಹೇಳಿ ನಿಲ್ಲಿಸಬೇಕು. ಒಂದು ಉಸಿರಿನಷ್ಟು. ಹೆಚ್ಚಾದರೆ ನಾಟಕವಾಗುತ್ತದೆ, ಕಡಿಮೆಯಾದರೆ ಯಾರಿಗೂ ತಾಕುವುದಿಲ್ಲ. ಅವನು ಗಲ್ಲದ ನೊರೆ ಒರೆಸಿಕೊಂಡು ಕನ್ನಡಿಗೆ ಇನ್ನೊಮ್ಮೆ ಹೇಳಿದ: ‘ಪೆಟ್ಟಿಗೆ ಹಗುರವಾಗಿತ್ತು.’

“ಇವತ್ತೂ ಅದೇನಾ?”

ಬಚ್ಚಲಿನ ಬಾಗಿಲಲ್ಲಿ ಹೆಂಡತಿ ಟವೆಲ್ಲು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

“ಅದೇ ಅಂದ್ರೆ?”

“ನಮ್ಮ ಮಗಳು.”

ಅವನು ಟವೆಲ್ಲು ಇಸಿದುಕೊಂಡು ಅದರಲ್ಲಿ ಮುಖ ಹುದುಗಿಸಿದ. ಮುಖವನ್ನು ಎಷ್ಟು ಹೊತ್ತು ಒರೆಸಲಾದೀತು?

ಸಂಜೆ ಅವರ ಮನೆಯಲ್ಲೇ ಪ್ರಾರ್ಥನಾ ಕೂಟ. ಅಲ್ಲಿ ಒಂದು ಪದ್ಧತಿಯಿತ್ತು. ಯೇಸುವಿನ ನೆನಪಿಗೆ ರೊಟ್ಟಿ ಮುರಿದು ದ್ರಾಕ್ಷಿರಸ ಹಂಚಿಕೊಳ್ಳುವ ಮೊದಲು ಪ್ರತಿಯೊಬ್ಬರೂ ತಮ್ಮನ್ನು ತಾವು ಪರೀಕ್ಷಿಸಿಕೊಂಡು, ಒಳಗಿರುವುದನ್ನು ಒಂದಿಷ್ಟು ಹೊರಗಿಡಬೇಕು. ಕೇಳುವವರು ಪ್ರಶ್ನೆ ಹಾಕಕೂಡದು, ಬುದ್ಧಿ ಹೇಳಕೂಡದು; ‘ಆಮೆನ್’ ಎನ್ನಬೇಕು, ಅಷ್ಟೆ. ಎದೆ ಬಿಚ್ಚುವ ಸರದಿ ಎಂದು ಅದಕ್ಕೆ ಹೆಸರು. ಉಳಿದವರು ಅತ್ತೆಯ ಮೇಲಿನ ಸಿಟ್ಟನ್ನೋ ಪಕ್ಕದ ಮನೆಯ ಹೊಸ ಕಾರು ನೋಡಿ ಹೊಟ್ಟೆ ಉರಿದದ್ದನ್ನೋ ತರುತ್ತಿದ್ದರು. ಅವನು, ಹುಟ್ಟಿದ ವಾರದೊಳಗೆ ಕಳೆದುಕೊಂಡ ಮಗಳನ್ನು, ಅವಳನ್ನು ಹೂಳಲು ಹೊತ್ತ ಪುಟ್ಟ ಪೆಟ್ಟಿಗೆಯನ್ನು ತರುತ್ತಿದ್ದ. ಅಳುವ ಗಂಡಸನ್ನು ನಂಬಬಾರದೆಂದು ಗಾದೆಯಿದೆ. ಕೂಟದವರು ನಂಬಿದರು. ಬೇರೆ ಕೂಟಗಳಿಂದಲೂ ಕರೆ ಬರತೊಡಗಿತು.

“ಆವತ್ತು ಆಸ್ಪತ್ರೆ ವರಾಂಡದಲ್ಲಿ ಡಾಕ್ಟರು ಬಂದು ಹೇಳಿದಾಗ ನೀವು ಏನೋ ಅಂದ್ರಿ. ಹಾಸಿಗೆಯಿಂದ ನೋಡಿದೆ, ತುಟಿ ಅಲ್ಲಾಡ್ತು. ಏನಂದ್ರಿ?”

“ಯಾವ ಕಾಲದ ಮಾತೇ! ನೆನಪಿಲ್ಲ.”

“ಪೆಟ್ಟಿಗೆ ತೂಕ ಮಾತ್ರ ನೆನಪಿದೆ.”

ಅವನು ಬಾಚಣಿಗೆ ಹುಡುಕಿದ. ಅದು ಕೈಯಲ್ಲೇ ಇತ್ತು.

“ಕೂಟಕ್ಕೆ ಮೊದಲು ಹೇಳಿ. ನನಗೊಬ್ಬಳಿಗೇ. ಇಲ್ಲಾಂದ್ರೆ ನಾಳೆ ನಾನು ಅಕ್ಕನ ಮನೆಗೆ ಹೋಗ್ತೀನಿ.”

“ಯಾವಾಗ ವಾಪಸ್ಸು?”

“ಅದನ್ನಿನ್ನೂ ಯೋಚನೆ ಮಾಡಿಲ್ಲ.”

ನೆನಪಿಲ್ಲದೆ ಏನು, ಚೆನ್ನಾಗಿಯೇ ನೆನಪಿತ್ತು. ‘ಸದ್ಯ’ ಎಂದಿದ್ದ. ಬದುಕಿದರೂ ಮಗುವಿಗೆ ಕಣ್ಣು ಕಾಣದು, ಕತ್ತು ನಿಲ್ಲದು, ಹಾಸಿಗೆಯಲ್ಲೇ ಬೆಳೆಯಬೇಕು ಎಂದು ಮೊದಲೇ ತಿಳಿಸಿದ್ದರು. ಹೋಯಿತು ಎಂದಾಗ ಅವನೊಳಗಿಂದ ಬಂದ ಮಾತು ಅದೊಂದೇ: ಸದ್ಯ. ಅದರ ಹಿಂದೆಯೇ ಹಸಿವಾಯಿತು. ಕ್ಯಾಂಟೀನಿಗೆ ಹೋಗಿ ಹೊಟ್ಟೆ ತುಂಬ ತಿಂದ. ಅಳು ಬಂದದ್ದು ಎಷ್ಟೋ ತಿಂಗಳ ಮೇಲೆ, ಕೂಟದಲ್ಲಿ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾಗ.

ಹಲ್ಲಿನ ಡಾಕ್ಟರಾಗಿರುವುದರಲ್ಲಿ ಒಂದು ಸುಖವಿದೆ. ಎದುರಿನವರು ಬಾಯಿ ತೆರೆದೇ ಇರುತ್ತಾರೆ, ಮಾತಾಡಲು ಮಾತ್ರ ಆಗುವುದಿಲ್ಲ. ಆದರೆ ಅಂದು ಅವನ ಕ್ಲಿನಿಕ್ಕಿಗೆ ಬಂದವರು ಕೂಟದವರೇ ಆದ ಇನ್ಶೂರೆನ್ಸ್ ಏಜೆಂಟರು. ಹತ್ತಿ ತುರುಕಿದರೂ ಸುಮ್ಮನಾಗುವ ಪ್ರಾಣಿಯಲ್ಲ. ಬಾಯಿ ಮುಕ್ಕಳಿಸಿ ಉಗಿಯಲು ಬಿಟ್ಟದ್ದೇ ತಪ್ಪಾಯಿತು.

“ಇವತ್ತು ನಮ್ಮಕ್ಕನ್ನೂ ಕರ್ಕೊಂಡು ಬರ್ತಿದೀನಿ ಸಾರ್. ಮಗು ವಿಷಯ ಹೇಳ್ತೀರಲ್ಲ?”

“ನೋಡೋಣ.”

“ಅಯ್ಯೋ, ನೋಡೋಣ ಅನ್ಬೇಡಿ! ಅವಳೂ ಒಂದು ಕೂಸು ಕಳ್ಕೊಂಡವಳು. ಆಮೇಲೆ ಒಂದು ಹನಿ ಕಣ್ಣೀರು ಹಾಕಿಲ್ಲ, ಕಲ್ಲಾಗಿಬಿಟ್ಟಿದ್ದಾಳೆ. ನಿಮ್ಮದು ಕೇಳಿದ್ರೆ ಅತ್ತಾಳು.”

“ಬಾಯಿ ತೆಗೀರಿ” ಎಂದು ಅವನು ಯಂತ್ರ ಶುರುಮಾಡಿದ.

ಮನೆಗೆ ನಡೆಯುತ್ತ ಅವನು ತನಗೆ ತಾನೇ ಧೈರ್ಯ ಹೇಳಿಕೊಂಡ. ಒಂದೇ ಒಂದು ಮಾತು. ಅಡುಗೆಮನೆಗೆ ಹೋಗಿ ನಿಂತು ಹೇಳಿಬಿಟ್ಟರೆ ಮುಗಿಯಿತು. ಆದರೆ ಅವನಿಗೆ ಭಯವಾಗಿತ್ತು. ಅವಳು ಹೋಗುತ್ತಾಳೆಂಬುದಕ್ಕಿಂತ, ಕೇಳಿದ ಮೇಲೆ ಅವಳ ಮುಖ ಹೇಗಿದ್ದೀತು ಎಂಬ ಭಯ.

ಅವಳು ಪುಟ್ಟ ಲೋಟಗಳಿಗೆ ದ್ರಾಕ್ಷಿರಸ ಬಗ್ಗಿಸುತ್ತಿದ್ದಳು. ಅವನನ್ನು ನೋಡಿ ಕೈ ನಿಲ್ಲಿಸಿದಳು.

“ಕುರ್ಚಿ ಸಾಲುತ್ತಾ?” ಎಂದ.

“ಸಾಲುತ್ತೆ.”

ಅವಳು ಕಾದಳು. ಜಗ್ಗನ್ನು ಕೆಳಗಿಟ್ಟು ಕಾದಳು.

“ನೋಡು, ಆವತ್ತು...”

ಕರೆಗಂಟೆ ಸದ್ದು ಮಾಡಿತು. ಸದ್ಯ, ಎಂದುಕೊಂಡ.

ಕೂಟದಲ್ಲಿ ಎಲ್ಲರೂ ಟೀಚರಮ್ಮ ಎನ್ನುವ ಹೆಂಗಸು ತನ್ನ ನಾದಿನಿಯ ಮೇಲಿನ ಮತ್ಸರವನ್ನು ಸವಿಸ್ತಾರವಾಗಿ ಒಪ್ಪಿಕೊಂಡಳು. ಆಮೆನ್. ಏಜೆಂಟರು ಕೋಪ ಒಪ್ಪಿಕೊಂಡರು. ಆಮೆನ್. ಅವರ ಪಕ್ಕದಲ್ಲಿ ಅಕ್ಕ ನೆಟ್ಟಗೆ ಕುಳಿತಿದ್ದಳು, ಒಣಕಣ್ಣು. ಸರದಿ ಅವನದಾಯಿತು. ಹೆಂಡತಿ ಲೋಟಗಳ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

ಅವನು ಆಸ್ಪತ್ರೆಯಿಂದ ಶುರುಮಾಡಿದ. ಪೆಟ್ಟಿಗೆಯ ಹತ್ತಿರ ಬಂದವನು ತಡೆದ.

“ನಾನು ಇಷ್ಟು ದಿನ ನಿಮಗೆ ಅರ್ಧ ಮಾತ್ರ ಹೇಳಿದೀನಿ” ಎಂದ. ದನಿ ನಿಜವಾಗಿಯೂ ನಡುಗಿತು. “ಮಗು ಹೋಯ್ತು ಅಂದಾಗ ನಾನು ಅಳಲಿಲ್ಲ. ‘ಸದ್ಯ’ ಅಂದೆ.”

ಎಷ್ಟು ಸಲೀಸಾಗಿ ಬಂತು! ಹತ್ತಾರು ಜನರ ಎದುರು, ಬೆಣ್ಣೆಯಿಂದ ಕೂದಲು ತೆಗೆದಂತೆ. ಒಬ್ಬಳ ಎದುರು ಮಾತ್ರ ನಾಲಗೆ ಏಳುತ್ತಿರಲಿಲ್ಲ.

“ಆಮೆನ್” ಎಂದರು ಎಲ್ಲರೂ. ಟೀಚರಮ್ಮ ಬಿಕ್ಕಿದಳು. ಕೂಟ ನಡೆಸುವ ಹಿರಿಯರು ಪದ್ಧತಿ ಮುರಿದು ಮಾತಾಡಿದರು: “ಇಷ್ಟು ಬಿಚ್ಚಿ ಹೇಳೋಕೆ ಎಂಟೆದೆ ಬೇಕಪ್ಪಾ. ಬರೋ ತಿಂಗಳು ದೊಡ್ಡ ಸಭೇಲಿ ನೀವು ಇದನ್ನೇ ಹೇಳ್ಬೇಕು.”

ಎದೆ ಹಗುರವಾಯಿತು. ಅದು ಸುಳ್ಳಲ್ಲ, ಒಂದು ಗಳಿಗೆ, ನಿಜಕ್ಕೂ ಹಗುರವಾಗಿತ್ತು. ಆಮೇಲೆ ಹೊಳೆಯಿತು: ‘ಸದ್ಯ ಅಂದೆ’ ಎಂದ ಮೇಲೆ ತಾನು ನಿಲ್ಲಿಸಿದ್ದ. ಸರಿಯಾಗಿ ಒಂದು ಉಸಿರಿನಷ್ಟು. ಪೆಟ್ಟಿಗೆಗಿಂತ ಇದೇ ಚೆನ್ನಾಗಿ ಕೂರುತ್ತದೆ ಎಂದೂ ಅನ್ನಿಸಿತು. ಥೂ, ಎಂದುಕೊಂಡ. ಅನ್ನಿಸಿದ್ದು ಹೋಗಲಿಲ್ಲ.

ಬಾಗಿಲಲ್ಲಿ ಹೆಂಡತಿ ಇರಲಿಲ್ಲ.

“ಮನೆಯವರನ್ನ ಕರೀರಿ, ರೊಟ್ಟಿ ಮುರಿಯೋಣ” ಎಂದರು ಹಿರಿಯರು. ಎಲ್ಲರೂ ತಲೆ ತಗ್ಗಿಸಿ ಮೌನವಾಗಿ ಕಾದರು.

ಅವನು ಅಡುಗೆಮನೆಗೆ ಹೋದಾಗ ಅವಳು ತಟ್ಟೆಯನ್ನು ಸಿಂಕಿನ ಪಕ್ಕ ಇಟ್ಟು ಗೋಡೆಗೆ ಒರಗಿದ್ದಳು.

“ಬಾಗಿಲು ಹಾಕಿ.”

ಅವನು ತಿರುಗದೆ, ಹಿಂದಕ್ಕೆ ಕೈಚಾಚಿ ಬಾಗಿಲು ದೂಡಿದ.

“ನೀನು ಕೇಳಿದ್ದನ್ನೇ ಹೇಳಿದೆನಲ್ಲ” ಎಂದ.

“ನನಗೊಬ್ಬಳಿಗೆ ಹೇಳಿ ಅಂದಿದ್ದೆ.”

“ನಿಜ ನಿಜವೇ ಅಲ್ವಾ? ಯಾರ ಎದುರು ಹೇಳಿದ್ರೇನು?”

ಅವಳು ಅವನನ್ನೇ ನೋಡಿದಳು. ಅವನು ಹೆದರಿದ್ದ ಮುಖ ಅದಾಗಿರಲಿಲ್ಲ. ಅಲ್ಲಿ ಅಸಹ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ದಣಿವಿತ್ತು.

“ಯಾಕೆ ಕೇಳ್ತಿದ್ದೆ ಗೊತ್ತಾ?” ಎಂದಳು. “ನಾನೂ ಅದೇ ಅಂದ್ಕೊಂಡಿದ್ದೆ ರೀ. ಎದೆಹಾಲು ಇನ್ನೂ ಸುರೀತಿತ್ತು. ಹೆತ್ತವಳು ನಾನು. ‘ಸದ್ಯ’ ಅಂದ್ಕೊಂಡೆ. ನೀವೂ ಹಾಗೇ ಅಂದ್ರೇನೋ ಅಂತ ಒಂದು ಆಸೆ. ಆದರೆ ನೀವು ಅಲ್ಲಿ ಅಳೋದು ನೋಡಿ ನೋಡಿ, ಇಷ್ಟು ವರ್ಷ ನಾನೊಬ್ಬಳೇ ರಾಕ್ಷಸಿ ಅಂತ...”

ಅವಳು ನಿಲ್ಲಿಸಿದ್ದಲ್ಲ, ಮಾತು ನಿಜಕ್ಕೂ ಸಿಕ್ಕಿಕೊಂಡಿತ್ತು. ಅವನಿಗೆ ಅಯ್ಯೋ ಅನ್ನಿಸಿತು. ಹತ್ತಿರ ಹೋಗಬೇಕು, ಅವಳ ಕೈ ಹಿಡಿಯಬೇಕು, ನಾನೂ ಒಬ್ಬನೇ ಇದ್ದೆ ಕಣೇ ಎನ್ನಬೇಕು.

ನಡುಮನೆಯ ಕಡೆಯಿಂದ ಮೊದಲು ಟೀಚರಮ್ಮನ ದನಿ, ಆಮೇಲೆ ಎಲ್ಲರದೂ ಸೇರಿ, ಮೆಲ್ಲಗೆ ಬಂತು:

“ಆಮೆನ್.”

ಹೆಂಡತಿಯ ಬಾಯಿ ಅರ್ಧ ತೆರೆದೇ ಉಳಿಯಿತು. ಅವಳು ಅವನ ಹೆಗಲಾಚೆ ನೋಡಿದಳು. ಅವನೂ ತಿರುಗಿದ. ಕುರ್ಚಿಗಳ ಸಾಲು, ತಗ್ಗಿಸಿದ ತಲೆಗಳು, ಮೇಜಿನ ಮೇಲೆ ಇನ್ನೂ ಮುರಿಯದ ರೊಟ್ಟಿ, ಎಲ್ಲವೂ ಕಾಣುತ್ತಿದ್ದವು. ಬಾಗಿಲು ಗಾಳಿಗೆ ತೆರೆದುಕೊಂಡಿರಲಿಲ್ಲ. ಅದರ ಅಂಚನ್ನು ಅವನ ಕೈಯೇ, ಬೆರಳು ಬಿಳಿಚುವಷ್ಟು ಬಿಗಿಯಾಗಿ, ಮುಚ್ಚದಂತೆ ಹಿಡಿದುಕೊಂಡಿತ್ತು.